ಹೂಜಿ ಗಿಡ ಗುಬ್ಬಚ್ಚಿಯನ್ನು ನುಂಗುವುದಿಲ್ಲ

ಮೇಘಾಲಯದ ಹೂಜಿ ಗಿಡ (ಹೂಜಿಯಂಥ ಎಲೆಯಲ್ಲಿ ಹುಳ ಹಿಡಿಯುವ ಗಿಡ) ಮುಚ್ಚಳ ಹಾಕಿಕೊಂಡು ಗುಬ್ಬಚ್ಚಿಯನ್ನು ಗುಳುಂ ಮಾಡುತ್ತದೆ ಎನ್ನುವ ವಿಡಿಯೊಗಳು ಓಡಾಡುತ್ತಿವೆ. ಇವು ಕಂಪ್ಯೂಟರ್‌ನಲ್ಲಿ ಮಾಡಿದ ದೃಶ್ಯಗಳು.

ನೆಪೆಂಥಿಸ್ ಖಾಸಿಯಾನಾ ಎಂಬ ಹೂಜಿ ಗಿಡ ಮೇಘಾಲಯದಲ್ಲಿರುವುದು ನಿಜ. ಆದರೆ ಅದರ ಮುಚ್ಚಳ ಒಮ್ಮೆ ತೆರೆದರೆ ಮತ್ತೆ ಮುಚ್ಚುವುದಿಲ್ಲ. ಹುಳ ಅಂಚಿನಲ್ಲಿ ಜಾರಿ, ಒಳಗಿನ ದ್ರವದಲ್ಲಿ ಮುಳುಗಿ ಸಾಯುತ್ತದೆ, ಅಷ್ಟೇ. ಬೋರ್ನಿಯೋದ ದೊಡ್ಡ ಹೂಜಿಗಳಲ್ಲಿ ಅಪರೂಪಕ್ಕೆ ಇಲಿ ಸಿಕ್ಕಿದ್ದುಂಟು. ಅದೂ ಬಿದ್ದು ಸತ್ತದ್ದೇ, ಗಿಡ ಹಿಡಿದದ್ದಲ್ಲ.

ಪಟ್ಟನೆ ಮುಚ್ಚುವುದು ವೀನಸ್ ಫ್ಲೈಟ್ರ್ಯಾಪ್ ಎಂಬ ಇನ್ನೊಂದು ಹುಳ ಹಿಡಿಯುವ ಗಿಡ. ಅದರ ಊರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ. ಬಲೆಯಂತೆ ಮುಚ್ಚುವ ಅದರ ಎಲೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅದರಲ್ಲಿ ಗುಬ್ಬಚ್ಚಿ ಹಿಡಿಸಲ್ಲ! ಒಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಸಾಮಾನ್ಯವಾಗಿ ಮುಚ್ಚುತ್ತದೆ. ಆಮೇಲೆ ಹುಳ ಜೀರ್ಣವಾಗಲು ಹಲವು ದಿನ ಬೇಕು. ವಿಡಿಯೊದಲ್ಲಿ ಗಿಡ ಜಗಿದು, ತಕ್ಷಣ ಮತ್ತೆ ಬಾಯಿ ತೆರೆದರೆ ಅದು ಸುಳ್ಳು ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಹಾಗಂತ ಎಲ್ಲವನ್ನೂ ಸುಮ್ನೆ ತಳ್ಳಿಹಾಕಬೇಡಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಡ್ರಾಸೆರಾ ಗಿಡ ಅಂಟು ಹನಿಗಳಿಂದ ನೊಣ ಹಿಡಿಯುತ್ತದೆ. ಈ ಗುಂಪಿನ ಹಲವು ಗಿಡಗಳ ಎಲೆ ಸುತ್ತಿಕೊಳ್ಳಲು ಗಂಟೆಗಳೇ ಬೇಕು. ಅದನ್ನು ವೇಗ ಹೆಚ್ಚಿಸಿ ತೋರಿಸುವ ವಿಡಿಯೊಗಳು ನಿಜವೇ ಇರಬಹುದು.