ಅಂಗಡಿಯವನ ತಪ್ಪಲ್ಲ, ನನ್ನ ಚೊಂಬಿನದು

ಮನೆಯ ಅಕ್ವೇರಿಯಂ ತೊಟ್ಟಿಗೆ ಹೊಸದಾಗಿ ಬಿಟ್ಟ ಮೀನು ಸತ್ತರೆ ಅಂಗಡಿಯವನು ರೋಗದ ಮೀನು ಕೊಟ್ಟ ಎಂದೇ ಅರ್ಥ ಎಂದು ಬರೆದ ಲೇಖಕರೊಬ್ಬರ ಮಾತನ್ನು ನಾನು ಒಪ್ಪುವುದಿಲ್ಲ. ನಾನೂ ಹಾಗೆಯೇ ಅಂದುಕೊಂಡು ಅಂಗಡಿಗೆ ಹೋಗಿ ಜಗಳವಾಡಿ ಬಂದವನು. ನಮ್ಮ ತೊಟ್ಟಿಗೆ 4 ವರ್ಷ. ಹಳೆಯ ಗಪ್ಪಿ ಮೀನುಗಳು ಠೀವಿಯಿಂದ ಓಡಾಡಿಕೊಂಡಿದ್ದವು. ಮೈಮೇಲೆ ನೀಲಿ ಗೆರೆಯಿರುವ 6 ನಿಯಾನ್ ಟೆಟ್ರಾ ಮೀನು ತಂದು ಬಿಟ್ಟೆ. ಮರುದಿನ ಬೆಳಿಗ್ಗೆ ಆ ಮಿನುಗುವ ನೀಲಿ ಗೆರೆ ಮಾಸಿಹೋಗಿ, ಎರಡು ಮೀನು ಫಿಲ್ಟರಿನ ಬಾಯಿಗೆ ಅಂಟಿಕೊಂಡಿದ್ದವು. ಮೂರನೆಯ ದಿನಕ್ಕೆ ಒಂದೂ ಉಳಿಯಲಿಲ್ಲ.

ಆವಿಯಾದಷ್ಟು ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ಸುರಿಯುತ್ತಿದ್ದೆನೇ ಹೊರತು ಹಳೆಯ ನೀರನ್ನು ತೆಗೆದವನೇ ಅಲ್ಲ. ಆವಿಯಾಗುವುದು ನೀರು ಮಾತ್ರ. ಲವಣ ಅಲ್ಲೇ ಉಳಿಯುತ್ತದೆ, ಮೀನಿನ ಹೊಲಸಿನಿಂದಾದ ನೈಟ್ರೇಟೂ ಅಲ್ಲೇ. ಗಾಜಿನ ಅಂಚಿಗೆ ನೀರು ಕಾಯಿಸುವ ಹಂಡೆಯ ಹಾಗೆ ಬಿಳಿ ಕರೆ ಕಟ್ಟಿದ್ದರೂ ನನಗೆ ಹೊಳೆಯಲಿಲ್ಲ! ಹಳೆಯ ಮೀನುಗಳು ದಿನದಿನಕ್ಕೂ ಒಗ್ಗಿಕೊಂಡು ಬಂದಿದ್ದವು. ಅಮೆಜಾನ್ ಪ್ರದೇಶದ, ಲವಣ ಕಡಿಮೆಯಿರುವ ಮೆದು ನೀರಿನ ಟೆಟ್ರಾಗೆ ನನ್ನ ತೊಟ್ಟಿಯ ನೀರು ಒಂದೇ ಏಟು. ಚೀಲವನ್ನು 15 ನಿಮಿಷ ತೇಲಿಬಿಟ್ಟರೆ ಸಾಕು ಎನ್ನುತ್ತಾರಲ್ಲ, ಅದರಿಂದ ಸರಿಹೊಂದುವುದು ತಾಪಮಾನ ಅಷ್ಟೇ.

ಈಗ ಸ್ವಲ್ಪಸ್ವಲ್ಪವೇ ನೀರು ಬದಲಿಸುತ್ತಾ ಬಂದು, ವಾರಕ್ಕೊಮ್ಮೆ ಕಾಲುಭಾಗಕ್ಕೆ ನಿಂತಿದ್ದೇನೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ಕಾವೇರಿ ನಲ್ಲಿಯಡಿ ತೊಳೆಯುವವರು ನೆನಪಿಡಿ, ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿರುತ್ತವೆ, ನಲ್ಲಿ ನೀರಿನ ಕ್ಲೋರಿನ್‌ಗೆ ಅವು ಸಾಯುತ್ತವೆ. ಟೆಟ್ರಾದ ಆಸೆ ಬಿಟ್ಟು, ಲವಣ ಹೆಚ್ಚಿರುವ ಗಡಸು ನೀರಿಗೆ ಹೊಂದುವ ಪ್ಲಾಟಿ ಮೀನು ತಂದಿದ್ದೇನೆ. ಅಂಗಡಿಯವನು ಮಾತ್ರ ಇನ್ನೂ ಮುಖ ಗಂಟಿಕ್ಕಿಕೊಂಡೇ ಚೀಲ ಕಟ್ಟಿಕೊಡುತ್ತಾನೆ.