34 ಕೆಜಿ

ಮಗನಿಗೆ ಈಗ 13 ವರ್ಷ, ತೂಕ 34 ಕೆಜಿ. ಸೆರೆಬ್ರಲ್ ಪಾಲ್ಸಿ ಇದೆ, ನಡೆಯುವುದಿಲ್ಲ. ಹಾಸಿಗೆಯಿಂದ ವೀಲ್‌ಚೇರಿಗೆ, ಅಲ್ಲಿಂದ ಬಚ್ಚಲಿಗೆ, ಮತ್ತೆ ವಾಪಸ್ಸು, ಹೀಗೆ ದಿನಕ್ಕೆ ಹತ್ತು ಹನ್ನೆರಡು ಸಲ ಎತ್ತಬೇಕು. ಎತ್ತುವವಳು ನಾನು.

ಕಳೆದ ವರ್ಷ ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳಲಿಕ್ಕೇ ಆಗಲಿಲ್ಲ. ಡಾಕ್ಟರು "ಎರಡು ವಾರ ಭಾರ ಎತ್ತಬೇಡಿ" ಅಂದರು. ನಗು ಬಂತು. ಆಸ್ಪತ್ರೆಯ ಸಿಬ್ಬಂದಿ ರೋಗಿಗಳನ್ನು ಬರಿಗೈಯಲ್ಲಿ ಎಷ್ಟು ಎತ್ತಬಹುದು ಅಂತ ಅಮೆರಿಕದ ಸಂಶೋಧಕರೊಬ್ಬರು 2007ರಲ್ಲಿ ಲೆಕ್ಕ ಕೊಟ್ಟಿದ್ದಾರೆ: ಸುಮಾರು 16 ಕೆಜಿ, ಅದೂ ಎಲ್ಲ ಅನುಕೂಲ ಇದ್ದಾಗ. ಅದಕ್ಕಿಂತ ಜಾಸ್ತಿಯಾದರೆ ಉಪಕರಣ ಬಳಸಬೇಕಂತೆ. ನನ್ನ ಮಗ ಆ ಗಡಿ ದಾಟಿ ಎಷ್ಟೋ ವರ್ಷ ಆಯಿತು.

ಅವನ ಫೈಲು ನಾಲ್ಕು ಇಂಚು ದಪ್ಪ ಇದೆ. ನನ್ನದು ಅಂತ ಒಂದು ಚೀಟಿಯೂ ಇರಲಿಲ್ಲ. ಬಿಪಿ ನೋಡಿಸುವುದು ನಾಳೆ, ನಾಡಿದ್ದು, ಅವನ ಥೆರಪಿ ಮುಗಿದ ಮೇಲೆ. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಿದವಳು ಬೆಳಿಗ್ಗೆ ಅವನ ಮೇಲೆ ರೇಗುತ್ತೇನೆ, ಆಮೇಲೆ ಇಡೀ ದಿನ ನನ್ನ ಮೇಲೇ ಹೇಸಿಗೆ.

"ನೀನು ಗಟ್ಟಿಗಿತ್ತಿ, ಅದಕ್ಕೇ ದೇವರು ನಿನಗೆ ಇಂಥ ಮಗು ಕೊಟ್ಟ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಒಮ್ಮೆ ಗಟ್ಟಿಗಿತ್ತಿ ಅನ್ನಿಸಿಕೊಂಡವಳು ಆಮೇಲೆ ಸುಸ್ತು ಅಂತ ಬಾಯಿ ಬಿಡುವ ಹಾಗಿಲ್ಲ, ಅಲ್ವಾ? ಹೊಗಳಿದವರಲ್ಲಿ ಅರ್ಧ ಗಂಟೆ ಅವನ ಹತ್ತಿರ ಕೂತು "ನೀನು ಹೋಗಿ ಮಲಗು" ಅಂದವರು ಇಬ್ಬರೋ ಮೂವರೋ.

2004ರಲ್ಲಿ ವಿಜ್ಞಾನಿಗಳಾದ ಎಲಿಸ್ಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಸಂಗಡಿಗರು 58 ತಾಯಂದಿರ ರಕ್ತ ಪರೀಕ್ಷಿಸಿದ್ದರು. ಅವರಲ್ಲಿ 39 ಮಂದಿಯ ಮಕ್ಕಳಿಗೆ ದೀರ್ಘಕಾಲದ ಕಾಯಿಲೆ. ಜೀವಕೋಶಗಳೊಳಗಿನ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಅಂತ ಒಂದು ರಕ್ಷಣೆಯ ಟೊಪ್ಪಿ ಇರುತ್ತದೆ, ವಯಸ್ಸಾದಂತೆ ಸವೆಯುತ್ತದೆ. ಅತಿ ಒತ್ತಡದಲ್ಲಿದ್ದವರಲ್ಲಿ ಅದು ಕಡಿಮೆ ಒತ್ತಡದವರಿಗಿಂತ ಕನಿಷ್ಠ ಹತ್ತು ವರ್ಷ ಹೆಚ್ಚು ಮುಪ್ಪಾದಷ್ಟು ಸವೆದಿತ್ತು. ಗಮನಿಸಿ, ಲೆಕ್ಕಕ್ಕೆ ಬಂದದ್ದು ಒತ್ತಡ, ನೋಡಿಕೊಂಡ ವರ್ಷಗಳು. ಮಗುವಿಗೆ ಕಾಯಿಲೆ ಇದೆ ಅನ್ನುವುದಷ್ಟೇ ಅಲ್ಲ. ಹಾಗಾಗಿ ದಯವಿಟ್ಟು "ಪಾಪ, ಆ ಮಗುವಿನಿಂದ ಇವಳ ಬಾಳು ಹೀಗಾಯ್ತು" ಅನ್ನಬೇಡಿ. ಹೀಗಾಗಿದ್ದು ಎತ್ತುವ ಕೈ ಎರಡೇ ಇದ್ದದ್ದರಿಂದ.

ಸೊಂಟ ಬಿದ್ದ ಮೇಲೆ ಒಂದು ಜಾರುಹಲಗೆ ತಂದೆವು, ಅವನನ್ನು ಎತ್ತದೆ ಹಾಸಿಗೆಯಿಂದ ವೀಲ್‌ಚೇರಿಗೆ ಜಾರಿಸಲಿಕ್ಕೆ. ನನ್ನ ತಮ್ಮ ಶನಿವಾರ ಬಂದು ಅವನಿಗೆ ಸ್ನಾನ ಮಾಡಿಸುವುದನ್ನು ಕಲಿತ. ಮೊದಲ ವಾರ ಮಗ ಅತ್ತ, ನಾನು ಬಾಗಿಲಾಚೆ ನಿಂತು ಸುಮ್ನೆ ಅತ್ತೆ. ಎರಡನೇ ವಾರ ಇಬ್ಬರೂ ಜೋರಾಗಿ ನಗುತ್ತಿದ್ದರು. ಮೂರನೇ ವಾರ ನನಗೆ ಏನೂ ಕೇಳಿಸಲಿಲ್ಲ, ನಿದ್ದೆ ಹೋಗಿದ್ದೆ.