ಮಷೀನು ಕೂಗಿದ ಮೇಲೆ ಏನು?

ವಿಜಯಪುರದ ಸುತ್ತ ದ್ರಾಕ್ಷಿ ಬೆಳೆಯುವವರನ್ನು ಸಾಲಾಗಿ ನಿಲ್ಲಿಸಿ, ಅವರ ಅಂಗೈ ಒರೆಸಿ, ಆ ಬಟ್ಟೆಯ ಚೂರನ್ನು ಸ್ಫೋಟಕ ಪತ್ತೆ ಮಾಡುವ ಮಷೀನಿಗೆ ಹಾಕಿದರೆ ಅದು ಸುಮ್ಮನಿರುವುದು ಕಷ್ಟ. ಡ್ರಿಪ್ಪಿನಲ್ಲಿ ಬಿಡುವ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರದಲ್ಲಿ ಒಂದಿಷ್ಟು ಅಮೋನಿಯಂ ನೈಟ್ರೇಟ್ ಸೇರಿಯೇ ಇರುತ್ತದೆ. ಕಲ್ಲಿನ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದಿನ ಮುಖ್ಯ ಸರಕೂ ಅದೇ. ಬಾಗಲಕೋಟೆ ಕಡೆ ಕ್ವಾರಿಯಲ್ಲಿ ಜಿಲೆಟಿನ್ ಕಡ್ಡಿ ಮುಟ್ಟುವ ಕೂಲಿಯವನ ಅಂಗಿ, ಹೃದಯದ ತೊಂದರೆಗೆ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಮಾತ್ರೆ ಇಟ್ಟುಕೊಳ್ಳುವ ಅಜ್ಜನ ಜೇಬು, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವವರ ಕೈ, ಎಲ್ಲವೂ ಅಷ್ಟೇ. ಇವರಲ್ಲಿ ಯಾರೂ ಬಾಂಬ್ ಮಾಡಿದವರಲ್ಲ. ಮಷೀನು ಹೇಳಿದ್ದೂ ಸುಳ್ಳಲ್ಲ.

ಈ ಎರಡು ಮಾತಿನ ನಡುವೆ ಏನು ನಡೆಯುತ್ತದೆ ಅನ್ನುವುದರಲ್ಲೇ ಎಲ್ಲ ಇದೆ ಅಂತ ನನಗೆ ಅನಿಸುತ್ತದೆ. ನಾನಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಊರು ವಿಜಯಪುರ. ಎರಡೂ ಕಡೆ ತಪಾಸಣೆ ಮಾಡಿಸಿಕೊಳ್ಳುವುದು ನನಗೆ ರೂಢಿಯಾಗಿದೆ. ಊರಿಗೆ ಹೋದಾಗಲೆಲ್ಲ ಒಂದು ಮಾತು ಕೇಳುತ್ತೇನೆ: "ನಿಮ್ಮಲ್ಲಿ ಎಂಥೆಂಥಾ ಮಷೀನು ಅದಾವು, ನಮ್ಮಲ್ಲಿ ಏನ ಐತಿ?" ಮಷೀನು ನಮ್ಮಲ್ಲೂ ಇವೆ. ಕೊರತೆ ಬೇರೆ ಕಡೆ ಇದೆ.

ಮೊದಲು ಆ ಮಷೀನಿನ ವಿಷಯ ಸ್ವಲ್ಪ. ಮುಚ್ಚಿಟ್ಟ ಬಾಂಬನ್ನು ಅದು ನೋಡುವುದಿಲ್ಲ, ಆ ಕೆಲಸ ಎಕ್ಸ್‌ರೇಯದ್ದು. ಇದು ಹುಡುಕುವುದು ಕೈಗೆ, ಚೀಲದ ಹಿಡಿಕೆಗೆ, ಜಿಪ್ಪಿಗೆ, ಲ್ಯಾಪ್‌ಟಾಪಿನ ಕೀಲಿಗಳಿಗೆ ಅಂಟಿದ ಕಣಗಳನ್ನು. ಆರ್‌ಡಿಎಕ್ಸ್ ತರಹದ ವಸ್ತು ಗಾಳಿಗೆ ಏಳುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಮೂಸಿ ನೋಡುವುದಕ್ಕಿಂತ ಒರೆಸಿ ನೋಡುವುದು ಮೇಲು. ಆದರೆ ಅದು ಭಾರಿ ಜಿಗುಟು. ಒಮ್ಮೆ ಮುಟ್ಟಿದ ಬೆರಳು ಆಮೇಲೆ ಮುಟ್ಟಿದ್ದಕ್ಕೆಲ್ಲ ಅಂಟಿಸುತ್ತಾ ಹೋಗುತ್ತದೆ.

ಒರೆಸಿದ ಚೂರನ್ನು ಸಂದಿಯೊಳಗೆ ಇಟ್ಟರೆ ಅಲ್ಲಿ ಸುಮಾರು 200 ಡಿಗ್ರಿ ಶಾಖ. ಅಂಟಿದ್ದು ಆವಿಯಾಗುತ್ತದೆ. ಆ ಆವಿಗೆ ವಿದ್ಯುತ್ ಚಾರ್ಜ್ ಕೊಟ್ಟು ಒಂದು ಸಣ್ಣ ಕೊಳವೆಯಲ್ಲಿ ಎಳೆಯುತ್ತಾರೆ. ಸಣ್ಣ ಕಣ ಬೇಗ ತಲುಪುತ್ತದೆ, ದೊಡ್ಡದು ತಡವಾಗಿ. ವ್ಯತ್ಯಾಸ ಮಿಲಿಸೆಕೆಂಡುಗಳದ್ದು. ಯಾವುದು ಎಷ್ಟು ಹೊತ್ತಿಗೆ ತಲುಪಿತು ಅನ್ನುವುದನ್ನು ತನ್ನ ಪಟ್ಟಿಯ ಜೊತೆ ಹೋಲಿಸಿ, ಹೊಂದಿದರೆ ಕೆಂಪು, ಇಲ್ಲದಿದ್ದರೆ ಹಸಿರು. ಎಲ್ಲಾ ಸೇರಿ ಹತ್ತು ಸೆಕೆಂಡಿನ ಆಸುಪಾಸು. ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ಇದ್ದರೂ ಸಾಕು. ಬೇರೆ ವಿಧಾನದವೂ ಇವೆ. ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿ ಟಿಮೊಥಿ ಸ್ವಾಗರ್ ರೂಪಿಸಿದ ಹೊಳೆಯುವ ಪಾಲಿಮರ್ ಬಳಸುವ ಮಷೀನಿನಲ್ಲಿ ಟಿಎನ್‌ಟಿ ಅನ್ನುವ ಸ್ಫೋಟಕ ತಗುಲಿದ ಕೂಡಲೇ ಹೊಳಪು ಇಳಿಯುತ್ತದೆ. ಅಂಥದ್ದು ಕೈಯಲ್ಲಿ ಹಿಡಿದು ಓಡಾಡುವಂಥದ್ದು, ಒಂದೂವರೆ ಕಿಲೋದ ಒಳಗೆ.

ನಮ್ಮವರೇನೂ ಹಿಂದೆ ಬಿದ್ದಿಲ್ಲ. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ ಅಲ್ವಾ, ಆ ಪುಣೆಯಲ್ಲೇ ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಎಚ್‌ಇಎಂಆರ್‌ಎಲ್ ಅನ್ನುವ ಸ್ಫೋಟಕಗಳ ಪ್ರಯೋಗಾಲಯ ಇದೆ. ಅನುಮಾನದ ಪುಡಿಗೆ ಒಂದೆರಡು ಹನಿ ರಾಸಾಯನಿಕ ಹಾಕಿ ಬಣ್ಣ ನೋಡುವ ಅಗ್ಗದ ಕಿಟ್ ಅವರದ್ದೇ. ಅವರೂ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯೂ ಸೇರಿ ಮಾಡಿದ, ಮುಟ್ಟದೆ ದೂರದಿಂದಲೇ ಬೆಳಕು ಹಾಯಿಸಿ ನೋಡುವ ರೈಡರ್-ಎಕ್ಸ್ 2020ರ ಮಾರ್ಚಿನಲ್ಲಿ ಹೊರಬಂತು. 2021ರ ಏಪ್ರಿಲ್‌ನಲ್ಲಿ ಐಐಟಿ ಬಾಂಬೆಯಲ್ಲಿ ಬೆಳೆದ ಸ್ಟಾರ್ಟಪ್ಪಿನ ನ್ಯಾನೋಸ್ನಿಫರ್ ಬಂತು. ಅದೂ ಹತ್ತು ಸೆಕೆಂಡಿನೊಳಗೆ ಹೇಳುತ್ತದೆ.

ಹಾಗಾದರೆ ಇಲ್ಲಿಗೂ ಅಲ್ಲಿಗೂ ಏನು ಬೇರೆ?

ನಮ್ಮ ಕಾಕಾ ಮ್ಯಾಂಚೆಸ್ಟರಿಗೆ ಬಂದಿದ್ದರು. ವಾಪಸ್ ಹೋಗುವಾಗ ನಾನೂ ಜೊತೆಗೆ ಹೊರಟಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವರ ಕೈಚೀಲವನ್ನು ಪಕ್ಕಕ್ಕೆ ಎಳೆದರು. ಅದು ತೋಟದ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಮಗ್ಗುಲಲ್ಲೇ ವರ್ಷಗಟ್ಟಲೆ ನೇತಾಡಿದ ಚೀಲ. ಕಾಕೂ ಎಷ್ಟು ಒಗೆದರೂ ಹಿಡಿಕೆಯ ಹೊಲಿಗೆಯಲ್ಲಿ ಬೆಳ್ಳಗೆ ಏನೋ ಕೂತೇ ಇತ್ತು. ಸಿಬ್ಬಂದಿ ಹಿಡಿಕೆ ಒರೆಸಿದರು, ಜಿಪ್ಪು ಒರೆಸಿದರು, ಚೂರನ್ನು ಒಳಗಿಟ್ಟರು. ಕೆಂಪು.

"ಏನಾತೋ ತಮ್ಮಾ?" ಅಂದರು ಕಾಕಾ.

"ಏನಿಲ್ಲ ಕಾಕಾ, ಇನ್ನೊಮ್ಮೆ ನೋಡ್ತಾರಂತ. ನಿಂದರ್ರಿ."

ಚೀಲ ಒರೆಸಿದ ಆ ಸಿಬ್ಬಂದಿ ಹೆಣ್ಣುಮಗಳು ಮೊದಲು ಮಾಡಿದ್ದು ತನ್ನ ಕೈಗವಸು ಬದಲಿಸಿದ್ದು. ಆಮೇಲೆ ಏನೂ ಒರೆಸದ ಹೊಸ ಚೂರನ್ನು ಖಾಲಿ ಹಾಕಿ ಮಷೀನು ಶುದ್ಧ ಇದೆಯಾ ನೋಡಿದಳು. ಹಸಿರು ಬಂದ ಮೇಲೆ ಮತ್ತೆ ಚೀಲ ಒರೆಸಿದಳು. ಮತ್ತೆ ಕೆಂಪು. ಮೇಲಿನವರು ಬಂದರು. ಏನು ಕೆಲಸ, ತೋಟ ಇದೆಯಾ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಕೈಗೆ ಕ್ರೀಮ್ ಹಚ್ಚಿದ್ದೀರಾ ಅಂತ ಕೇಳಿದರು. ನಾನು ಹೇಳಿದೆ. ಚೀಲ ಪೂರ್ತಿ ಖಾಲಿ ಮಾಡಿ, ಒಂದೊಂದೇ ಸಾಮಾನು ನೋಡಿ, ಮತ್ತೆ ಎಕ್ಸ್‌ರೇಗೆ ಹಾಕಿದರು. ಕಾಕಾನ ಮೈ ತಡವಿ ನೋಡಿದರು, ತಡವುವ ಮೊದಲು ಕೇಳಿದರು. ಏನೋ ಬರೆದುಕೊಂಡರು. "ಥ್ಯಾಂಕ್ಯೂ ಸರ್, ಹೋಗಿ ಬನ್ನಿ." ಅಷ್ಟೇ. ಯಾರೂ ದನಿ ಏರಿಸಲಿಲ್ಲ.

ಗೇಟಿನ ಕಡೆ ನಡೆಯುವಾಗ ಕಾಕಾ ಹೇಳಿದರು: "ನಮ್ಮೂರಾಗ ಆಗಿದ್ರ ಇಷ್ಟೊತ್ತಿಗೆ ಟಿವಿಯವರು ಬಂದು ನಿಂತಿರ್ತಿದ್ರು ನೋಡು."

ನಗು ಬಂತು, ಆದರೆ ಮಾತು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಕೆಂಪು ದೀಪ ಅಂದರೆ ಒಂದು ಪ್ರಶ್ನೆ ಅಷ್ಟೇ. ಉತ್ತರ ಹುಡುಕುವ ಕ್ರಮ ಮೊದಲೇ ಬರೆದಿಟ್ಟಿರುತ್ತದೆ. ನಮ್ಮಲ್ಲಿ ಮಷೀನಿನ ಕೂಗಿಗೆ ಎರಡೇ ಅರ್ಥ. ಒಂದೋ ಏನೂ ಇಲ್ಲ, ಇಲ್ಲವೇ ಮುಗಿದೇ ಹೋಯಿತು. ಊರಲ್ಲಿ ಒಂದು ಸರ್ಕಾರಿ ಕಚೇರಿಯ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಚೌಕಟ್ಟು ನಿಲ್ಲಿಸಿದ್ದಾರೆ. ಹೋಗುವವರಿಗೂ ಕೂಗುತ್ತದೆ, ಬರುವವರಿಗೂ ಕೂಗುತ್ತದೆ. ಕೀಲಿಕೈ, ಮೊಬೈಲು, ಪಂಚೆಯ ಮೇಲಿನ ಬೆಲ್ಟು, ಎಲ್ಲಕ್ಕೂ. ಪಕ್ಕದ ಕುರ್ಚಿಯಲ್ಲಿ ಕೂತ ಪೇದೆ "ಹೋಗ್ರಿ, ಹೋಗ್ರಿ" ಅನ್ನುತ್ತಾನೆ. ಅವನ ತಪ್ಪೂ ಅಲ್ಲ. ಕೂಗಿದ ಮೇಲೆ ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿಲ್ಲ. ಇಂಥ ಬಾಗಿಲಿಗೆ ನಾಳೆ ಲಕ್ಷಗಟ್ಟಲೆ ಬೆಲೆಯ ಸ್ಫೋಟಕ ಪತ್ತೆ ಮಷೀನು ತಂದಿಟ್ಟರೆ ಏನಾಗುತ್ತದೆ? ಮೊದಲ ವಾರ ಫೋಟೋ. ಆಮೇಲೆ ಒರೆಸುವ ಚೂರು ತೀರುತ್ತದೆ, ಒಂದನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಕೈಗವಸು ಬದಲಾಗುವುದಿಲ್ಲ. ಬೆಳಿಗ್ಗೆ ಬಂದ ಒಬ್ಬ ಕ್ವಾರಿ ಕೂಲಿಯ ಅಂಗಿಯಿಂದ ಆ ಕೈಗವಸಿಗೆ ಅಂಟಿದ್ದು ಸಂಜೆವರೆಗೆ ಎಲ್ಲರ ಮೇಲೂ ಬೀಳುತ್ತದೆ. ಆಗ ಮತ್ತೆ "ಹೋಗ್ರಿ, ಹೋಗ್ರಿ".

ಇನ್ನೊಂದಿದೆ. ನಮ್ಮಲ್ಲಿ ತಪಾಸಣೆ ಮುಖ ನೋಡಿ ನಡೆಯುತ್ತದೆ. ಗೊತ್ತಿದ್ದ ಮುಖಕ್ಕೆ ದಾರಿ, ಗೊತ್ತಿಲ್ಲದ್ದಕ್ಕೆ ತಡೆ. ಯಾರ‍್ಯಾರಿಗೆ ತಪಾಸಣೆ ಇಲ್ಲ ಅಂತ ವಿಮಾನ ನಿಲ್ದಾಣದಲ್ಲಿ ಬೋರ್ಡೇ ಬರೆದು ಹಾಕುವ ದೇಶ ನಮ್ಮದು. ಮಷೀನಿಗೆ ಪದವಿ, ಜಾತಿ, ಪೇಟಾ, ಟೋಪಿ ಏನೂ ಗೊತ್ತಿಲ್ಲ. ಅದರ ದೊಡ್ಡ ಗುಣ ಅದೇ. ಆದರೆ ಯಾರ ಕೈ ಒರೆಸಬೇಕು ಅಂತ ಆರಿಸುವವನು ಮನುಷ್ಯನೇ ಅಲ್ವಾ? ಇಂಗ್ಲೆಂಡಿನಲ್ಲೂ ಆ 'ಸುಮ್ನೆ ಯಾರನ್ನೋ ಒಬ್ಬರನ್ನು' ಅನ್ನುವುದು ನಮ್ಮ ಬಣ್ಣದವರ ಪಾಲಿಗೇ ಜಾಸ್ತಿ ಬೀಳುತ್ತದೆ ಅಂತ ನಮ್ಮವರು ಗೊಣಗುವುದು ಇದ್ದೇ ಇದೆ.

ಇಂಗ್ಲೆಂಡಿನ ಕ್ರಮ ಸೋತದ್ದೂ ಇದೆ, ಅದು ನಾನಿರುವ ಊರಲ್ಲೇ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬಾಂಬ್ ಸಿಡಿದು 22 ಜನ ಸತ್ತರು. ಅದು ಮನೆಯಲ್ಲೇ ಬೆರೆಸಿದ ಟಿಎಟಿಪಿ ಅನ್ನುವ ಸ್ಫೋಟಕ. ಅದರಲ್ಲಿ ಸಾರಜನಕವೇ ಇಲ್ಲ. ಹಾಗಾಗಿ ಬರೀ ನೈಟ್ರೋ, ನೈಟ್ರೇಟ್ ಹುಡುಕುವ ಹಳೆಯ ವಿಧಾನಗಳಿಗೆ ಸಿಗದು. ಆದರೆ ಅವತ್ತು ಮಷೀನಿನ ಮಾತೇ ಬರಲಿಲ್ಲ. ಬೆನ್ನಿಗೆ ದೊಡ್ಡ ಚೀಲ ಹೊತ್ತು ಕೂತವನ ಮೇಲೆ ಎಳೆಯ ವಯಸ್ಸಿನ ಕಾವಲುಗಾರನೊಬ್ಬನಿಗೆ ಅನುಮಾನ ಬಂದಿತ್ತು. ತಪ್ಪಾದರೆ ಜನಾಂಗದ್ವೇಷಿ ಅಂದಾರು ಅಂತ ಹೆದರಿದೆ ಎಂದು ಅವನೇ ಆಮೇಲೆ ಹೇಳಿದ. ರೇಡಿಯೋದಲ್ಲಿ ತಿಳಿಸಲು ನೋಡಿದ, ಲೈನು ಸಿಗಲಿಲ್ಲ. ನಮ್ಮ ಜಾತ್ರೆಯಲ್ಲಾಗಿದ್ದರೆ ಬಳೆ ಅಂಗಡಿಯವಳೋ ಮಿರ್ಚಿ ಭಜಿ ಕರಿಯುವವನೋ "ಏ ಯಾರಪಾ ನೀ, ಚೀಲದಾಗ ಏನೈತಿ?" ಅಂತ ಕೇಳಿಯೇ ಬಿಡುತ್ತಿದ್ದರು. ಅದು ನಮ್ಮ ಬಲ. ಅದೇ ಬಾಯಿ ಅಮಾಯಕನ ಮೇಲೂ ಬೀಳುತ್ತದೆ, ಅದು ನಮ್ಮ ರೋಗ.

ಆ ಘಟನೆಯ ಮೇಲೆ ಬ್ರಿಟನ್ ಏನು ಮಾಡಿತು ನೋಡಿ. ಅಲ್ಲಿ ಸತ್ತ ಒಬ್ಬ ಯುವಕನ ತಾಯಿ ವರ್ಷಗಟ್ಟಲೆ ಪಟ್ಟು ಹಿಡಿದು 2025ರ ಏಪ್ರಿಲ್‌ನಲ್ಲಿ ಒಂದು ಕಾನೂನು ತರಿಸಿದರು. ಅವನ ಹೆಸರಿನಲ್ಲೇ ಜನ ಅದನ್ನು 'ಮಾರ್ಟಿನ್ಸ್ ಲಾ' ಅನ್ನುತ್ತಾರೆ. 200 ಜನ ಸೇರುವ ಜಾಗವಾದರೆ ಜವಾಬ್ದಾರಿ ಯಾರದು, ಜನರನ್ನು ಹೊರಗೆ ಕಳಿಸುವುದು ಹೇಗೆ, ಒಳಗೇ ಇರಿಸುವುದು ಹೇಗೆ, ಸುದ್ದಿ ಮುಟ್ಟಿಸುವುದು ಹೇಗೆ ಅಂತ ಮೊದಲೇ ಗೊತ್ತುಮಾಡಿಕೊಂಡಿರಬೇಕು. 800 ಮುಟ್ಟಿದರೆ ಇನ್ನೂ ಜಾಸ್ತಿ. ತಯಾರಿಗೆ ಕನಿಷ್ಠ ಎರಡು ವರ್ಷ ಸಮಯ. ಸಣ್ಣ ಜಾಗದವರು ಮಷೀನು ಕೊಳ್ಳಲೇಬೇಕು ಅಂತ ಅದರಲ್ಲಿ ಇಲ್ಲ. ನನಗೆ ಇದು ಸರಿ ಅನಿಸಿತು.

ಮಷೀನಿನ ಮೇಲೆ ಕುರುಡು ನಂಬಿಕೆ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಬ್ರಿಟನ್ನೇ ಉದಾಹರಣೆ. ಜೇಮ್ಸ್ ಮೆಕಾರ್ಮಿಕ್ ಅನ್ನುವವನು 'ಎಡಿಇ 651' ಅಂತ ಒಂದು ಹಿಡಿಕೆ, ಅದಕ್ಕೊಂದು ತಿರುಗುವ ಆಂಟೆನಾ ಮಾಡಿ ಬಾಂಬ್ ಪತ್ತೆ ಯಂತ್ರ ಅಂತ ಮಾರಿದ. ಕಳೆದುಹೋದ ಗಾಲ್ಫ್ ಚೆಂಡು ಹುಡುಕಲು ಮಾರುತ್ತಿದ್ದ ಆಟಿಕೆಯಿಂದ ಹುಟ್ಟಿದ್ದು ಅದು. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. ಇರಾಕ್ ಸರ್ಕಾರ ಕೋಟಿಗಟ್ಟಲೆ ಡಾಲರ್ ಕೊಟ್ಟು ಸಾವಿರಾರು ಕೊಂಡು ಬಾಗ್ದಾದಿನ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿತು. ಬಾಂಬ್ ತುಂಬಿದ ವಾಹನಗಳು ದಾಟುತ್ತಲೇ ಇದ್ದವು. 2013ರಲ್ಲಿ ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಅದೇ ಜಾತಿಯ 'ಜಿಟಿ200' ಅನ್ನು ಥಾಯ್ಲೆಂಡ್ 2010ರಲ್ಲಿ ಪರೀಕ್ಷೆ ಮಾಡಿದಾಗ 20ರಲ್ಲಿ 4 ಸಲ ಮಾತ್ರ ಸರಿ ಹೇಳಿತು. ಕಣ್ಣು ಮುಚ್ಚಿ ಊಹಿಸಿದ್ದರೂ ಅಷ್ಟು ಬರುತ್ತಿತ್ತು. ನಮ್ಮ ಕಡೆ ಬೋರ್ ಹೊಡೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗುತ್ತಾರಲ್ಲ, ಕಾಯಿ ಎದ್ದು ನಿಂತಿತು ಅಂತಾರಲ್ಲ, ಅದೇ ಇದು. ಕೈಯೇ ತನಗರಿಯದೆ ಅಲುಗುತ್ತದೆ. ಬೋರಿನಲ್ಲಿ ನೀರು ಬರದಿದ್ದರೆ ದುಡ್ಡು ಹೋಗುತ್ತದೆ. ಬಾಗ್ದಾದಿನಲ್ಲಿ ಜೀವ ಹೋಯಿತು.

ನಾಯಿಗಳ ಮಾತು ಬಿಡುವ ಹಾಗಿಲ್ಲ, ಅದರಲ್ಲೂ ಬಾಗಲಕೋಟೆ ಜಿಲ್ಲೆಯವರ ಮುಂದೆ. ಮುಧೋಳ ನಾಯಿಯನ್ನು ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದು ನಮಗೆಲ್ಲ ಹೆಮ್ಮೆ. ಆದರೆ ಅದು ಮೂಲತಃ ಕಣ್ಣಿನಿಂದ ಬೇಟೆಯಾಡುವ ನಾಯಿ, ಓಟ ಅದರ ಜೀವ. ಮೂಸುವ ಕೆಲಸಕ್ಕೆ ಜಗತ್ತಿನಲ್ಲಿ ಹೆಚ್ಚು ನಂಬುವುದು ಲ್ಯಾಬ್ರಡಾರಿನಂಥವನ್ನು. ನಾಯಿ ವಾಸನೆಯ ಜಾಡು ಹಿಡಿದು ವಸ್ತು ಇರುವಲ್ಲಿಗೇ ಕರೆದೊಯ್ಯುತ್ತದೆ, ಮಷೀನು ಅದನ್ನು ಮಾಡಲಾರದು. ಆದರೆ ನಾಯಿ ದಣಿಯುತ್ತದೆ, ಅದಕ್ಕೆ ನೆರಳು ಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕೇಳುವುದೇ ಬೇಡ.

ನನ್ನನ್ನು ಕೇಳಿದರೆ, ಜಿಲ್ಲಾ ಮಟ್ಟದಲ್ಲಿ ನಾಯಿ, ಬಣ್ಣ ನೋಡುವ ಕಿಟ್ಟು, ತರಬೇತಾದ ನಾಲ್ಕು ಜನ ಇದ್ದರೆ ಸದ್ಯಕ್ಕೆ ಸಾಕು. ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಸುವರ್ಣ ವಿಧಾನಸೌಧಕ್ಕೆ, ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಒಳ್ಳೆಯ ಮಷೀನು ಬೇಕು, ಸರಿ. ಆದರೆ ಕೊಳ್ಳುವಾಗ ಒರೆಸುವ ಚೂರು, ಕೈಗವಸು, ತೇವ ಹೀರುವ ಪ್ಯಾಕು, ವರ್ಷದ ದುರಸ್ತಿ, ಇವಕ್ಕೂ ಅದೇ ಕಡತದಲ್ಲಿ ದುಡ್ಡು ಇಡಬೇಕು. ಇಲ್ಲದಿದ್ದರೆ ಅದು ಬೀರುವಿನಲ್ಲಿ ಕೂರುತ್ತದೆ.

ಮತ್ತೆ ಭಾಷೆ. ಕಾಕಾ ಅಲ್ಲಿ ಪಾರಾದದ್ದು ನಾನು ಪಕ್ಕದಲ್ಲಿದ್ದು "ಇದು ಗೊಬ್ಬರ" ಅಂತ ಹೇಳಿದ್ದಕ್ಕೆ. ಒಬ್ಬರೇ ಇದ್ದಿದ್ದರೆ? ನಮ್ಮ ದೇಶದ ದೊಡ್ಡ ವಿಮಾನ ನಿಲ್ದಾಣದಲ್ಲೇ ಆಗಿದ್ದರೆ, ಹಿಂದಿಯಲ್ಲಿ ಗದರಿಸಿ ಕೇಳುವ ಪ್ರಶ್ನೆಗೆ ಅವರು ಏನು ಉತ್ತರ ಕೊಡುತ್ತಿದ್ದರು? ತಡವರಿಸಿದರೆ ಅದೇ ಇನ್ನೊಂದು ಅನುಮಾನ. ಕೆಂಪು ಬಂದಾಗ ಕೇಳುವ ಪ್ರಶ್ನೆಗಳು ಐದಾರು ಮಾತ್ರ: ಹೊಲ-ತೋಟದ ಕೆಲಸ ಇದೆಯಾ, ಕ್ವಾರಿಯಲ್ಲಿ ದುಡಿಯುತ್ತೀರಾ, ಪಟಾಕಿ ಮುಟ್ಟಿದ್ದೀರಾ, ಯಾವ ಮಾತ್ರೆ, ಯಾವ ಕ್ರೀಮು, ಈ ಚೀಲ ಯಾರದು. ಇದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಮಷೀನಿನ ಪಕ್ಕ ಅಂಟಿಸಲಿ. ಬೆಳಗಾವಿಯಲ್ಲಿ ಮರಾಠಿಯಲ್ಲೂ ಇರಲಿ, ವಿಜಯಪುರದಲ್ಲಿ ಉರ್ದುವಿನಲ್ಲೂ. ಇಷ್ಟಕ್ಕೆ ಟೆಂಡರ್ ಕರೆಯಬೇಕಿಲ್ಲ.